ಸೊಂಟದ ಪಿಸ್ತೂಲು, ರೇಂಜಿನ ಕಟ್ಟಳೆ ಮತ್ತು ನಿಮ್ಮ ವೀಸಾ

ಆತ್ಮೀಯರೇ,

ಎಚ್-1ಬಿ ವೀಸಾದ ಮೇಲೆ ಡಲ್ಲಾಸ್ ಬಳಿಯ ಅರ್ವಿಂಗ್‌ಗೆ ಬಂದು ಇನ್ನೂ ವರ್ಷ ತುಂಬದ ನಿಮ್ಮನ್ನು ಕಚೇರಿಯ ಗೆಳೆಯರು ಶನಿವಾರ ಶೂಟಿಂಗ್ ರೇಂಜಿಗೆ ಕರೆದಿದ್ದಾರೆಂದೂ, ಅವರಲ್ಲಿ ಕೆಲವರು ಆತ್ಮರಕ್ಷಣೆಗೆಂದು ಸೊಂಟದಲ್ಲಿ ಸದಾ ಪಿಸ್ತೂಲು ಇಟ್ಟುಕೊಂಡೇ ಓಡಾಡುವವರೆಂದೂ ಬರೆದಿದ್ದೀರಿ. ನೀವೂ ಅಂಥದೊಂದನ್ನು ಕೊಂಡು ರೇಂಜಿಗೆ ಧರಿಸಿಕೊಂಡು ಹೋಗಬಹುದೇ ಎಂಬುದು ನಿಮ್ಮ ಮೊದಲ ಪ್ರಶ್ನೆ. ಗುಂಡು ತುಂಬಿದ ಪಿಸ್ತೂಲು ಮೈಮೇಲಿರುವಾಗ ರೇಂಜಿನಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದು ಎರಡನೆಯದು.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಸದ್ಯಕ್ಕೆ ಬೇಡ. ಕೊಳ್ಳುವ ಮಾತು ಹಾಗಿರಲಿ, ಗೆಳೆಯರ ಪಿಸ್ತೂಲನ್ನಾಗಲಿ, ರೇಂಜಿನವರು ಬಾಡಿಗೆಗೆ ಕೊಡುವ ಪಿಸ್ತೂಲನ್ನಾಗಲಿ ಕೈಗೆ ತೆಗೆದುಕೊಳ್ಳುವುದೂ ಬೇಡ. ಟೆಕ್ಸಾಸ್‌ನಲ್ಲಿ ಬಂದೂಕಿಗೆ ಕಟ್ಟುಪಾಡೇ ಇಲ್ಲವೆಂದು ನಿಮಗೆ ಯಾರೋ ಹೇಳಿದ್ದಾರೆ. ಅವರು ಹೇಳಿದ್ದು ರಾಜ್ಯದ ಕಾನೂನಿನ ಮಾತು. ನಿಮ್ಮನ್ನು ತಡೆಯುವುದು ಫೆಡರಲ್ ಕಾನೂನು, ಅದು ಐವತ್ತು ರಾಜ್ಯಗಳಲ್ಲಿಯೂ ಒಂದೇ. ಅಮೆರಿಕದ ಸಂಹಿತೆಯ 18ನೇ ಶೀರ್ಷಿಕೆಯ 922(ಜಿ) ವಿಧಿಯಲ್ಲಿ ಬಂದೂಕು ಮತ್ತು ಮದ್ದುಗುಂಡು ಹೊಂದಬಾರದವರ ಪಟ್ಟಿಯೊಂದಿದೆ. ಗಂಭೀರ ಅಪರಾಧಕ್ಕೆ ಶಿಕ್ಷೆಯಾದವರು, ತಲೆಮರೆಸಿಕೊಂಡವರು, ಮಾದಕ ವ್ಯಸನಿಗಳು ಇರುವ ಅದೇ ಪಟ್ಟಿಯಲ್ಲಿ ವಲಸೆಯೇತರ ವೀಸಾದ ಮೇಲೆ, ಅಂದರೆ ತಾತ್ಕಾಲಿಕವಾಗಿ ಇರಲೆಂದು, ದೇಶದೊಳಗೆ ಬಂದವರೂ ಇದ್ದಾರೆ. ಎಚ್-1ಬಿ, ಎಲ್-1, ವಿದ್ಯಾರ್ಥಿಗಳ ಎಫ್-1, ನಿಮ್ಮ ಶ್ರೀಮತಿಯವರ ಎಚ್-4, ನಾಳೆ ನಿಮ್ಮ ತಂದೆತಾಯಿ ಬರುವ ಪ್ರವಾಸಿ ವೀಸಾ, ಎಲ್ಲವೂ ಈ ಮಾತಿನೊಳಗೆ ಬರುತ್ತವೆ. ಹೊಂದುವುದೆಂದರೆ ಸ್ವಂತಕ್ಕೆ ಕೊಂಡಿರಬೇಕೆಂದೇನೂ ಇಲ್ಲ. ರೇಂಜಿನ ಕಟ್ಟೆಯ ಮುಂದೆ ನಿಂತು ಐದು ನಿಮಿಷ ಹಿಡಿದದ್ದೂ ಹೊಂದಿದ್ದೇ ಆಗುತ್ತದೆ. 2022ರ ತಿದ್ದುಪಡಿಯ ನಂತರ ಇದಕ್ಕೆ ಗರಿಷ್ಠ ಶಿಕ್ಷೆ 10 ವರ್ಷದಿಂದ 15 ವರ್ಷಕ್ಕೆ ಏರಿದೆ. ಶಿಕ್ಷೆ ಅಷ್ಟಾಗದಿದ್ದರೂ, ಬಂದೂಕಿನ ಅಪರಾಧ ಸಾಬೀತಾದರೆ ಗಡೀಪಾರಿಗೆ ಅದೊಂದೇ ಸಾಕು.

ಇದನ್ನು ಓದಿ ಅತಿಯಾದ ಎಚ್ಚರಿಕೆಯೆಂದು ನೀವು ಅಂದುಕೊಳ್ಳಬಹುದು. 2019ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಮಾನಿಸಿದ ರೆಹೈಫ್ ಪ್ರಕರಣ ಶುರುವಾದದ್ದೇ ಒಂದು ಶೂಟಿಂಗ್ ರೇಂಜಿನಲ್ಲಿ. ಸಂಯುಕ್ತ ಅರಬ್ ಎಮಿರೇಟ್ಸ್‌ನಿಂದ ಫ್ಲಾರಿಡಾಕ್ಕೆ ಓದಲು ಬಂದಿದ್ದ ರೆಹೈಫ್ ಎಂಬಾತನನ್ನು ಕಡಿಮೆ ಅಂಕಗಳ ಕಾರಣಕ್ಕೆ ವಿಶ್ವವಿದ್ಯಾಲಯವು ತೆಗೆದುಹಾಕಿತ್ತು. ವಿದ್ಯಾರ್ಥಿ ವೀಸಾದ ಆಸರೆ ತಪ್ಪಿದ ಮೇಲೂ ಇಲ್ಲಿಯೇ ಉಳಿದು, ರೇಂಜಿಗೆ ಹೋಗಿ ಎರಡು ಬಂದೂಕುಗಳಿಂದ ಗುಂಡು ಹಾರಿಸಿದ. ಯಾರಿಗೂ ಗಾಯವಾಗಲಿಲ್ಲ, ಆದರೂ ಮೊಕದ್ದಮೆ ನಡೆದು 18 ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ತಾನು ಅಕ್ರಮವಾಗಿ ಇಲ್ಲಿರುವುದು ಆರೋಪಿಗೆ ಗೊತ್ತಿತ್ತೆಂಬುದನ್ನು ಸರ್ಕಾರವೇ ಸಾಬೀತುಪಡಿಸಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದರಿಂದ ಆ ಶಿಕ್ಷೆ ಊರ್ಜಿತವಾಗಲಿಲ್ಲ. ಆದರೆ ಆ ತೀರ್ಪು ನಿಮಗೆ ನೆರಳಾಗದು: ತಾನು ಯಾವ ವೀಸಾದ ಮೇಲಿದ್ದೇನೆಂಬುದು ಗೊತ್ತಿರಲಿಲ್ಲವೆಂದು ಹೇಳಿದರೆ ಎಚ್-1ಬಿಯವರನ್ನು ಯಾರು ನಂಬುತ್ತಾರೆ? ಕಾನೂನು ಗೊತ್ತಿರಲಿಲ್ಲವೆಂಬುದಂತೂ ಮೊದಲಿನಿಂದಲೂ ಸಬೂಬಾಗಿ ನಡೆಯುವುದಿಲ್ಲ.

ಈ ನಿಷೇಧಕ್ಕೆ ಇರುವ ವಿನಾಯಿತಿಗಳಲ್ಲಿ ನಮ್ಮಂಥವರ ಉಪಯೋಗಕ್ಕೆ ಬರುವುದು ಒಂದೇ: ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮೀರಿರದ ಬೇಟೆಯ ಲೈಸೆನ್ಸು. ಅದು ಕೈಯಲ್ಲಿದ್ದರೆ ಫೆಡರಲ್ ನಿಷೇಧ ನಿಮಗೆ ಅನ್ವಯಿಸುವುದಿಲ್ಲ. ಟೆಕ್ಸಾಸ್‌ನಲ್ಲಿ ಬೇಟೆಯ ವರ್ಷ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್ 1ರಂದು ಹಳೆಯ ಲೈಸೆನ್ಸು ಹಿಡಿದು ರೇಂಜಿಗೆ ಹೋದವನು ಮತ್ತೆ ಅಪರಾಧಿಯ ಪಟ್ಟಿಯಲ್ಲಿರುತ್ತಾನೆ. ಗುರಿ ಹೊಡೆಯುವ ಆಸೆ ತಡೆಯಲಾಗದಿದ್ದರೆ ವಕೀಲರೊಬ್ಬರನ್ನು ವಿಚಾರಿಸಿ ಈ ದಾರಿ ಹಿಡಿಯಿರಿ. ಆದರೆ ಬೇಟೆಯ ಲೈಸೆನ್ಸಿನ ಬಲದ ಮೇಲೆ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿ ಪೇಟೆ ಸುತ್ತಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ರಸ್ತೆಬದಿಯಲ್ಲಿ ಕಾರು ನಿಲ್ಲಿಸಿದ ಪೊಲೀಸರಿಗೆ ಆ ಸೂಕ್ಷ್ಮವನ್ನು ವಿವರಿಸುವ ಪಾಡು ಬೇಡ. ಹಸಿರು ಕಾರ್ಡಿಗಾಗಿ ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾಗಿದೆ, ಸರದಿಯಲ್ಲಿದ್ದೇನೆ ಎಂಬುದರಿಂದಲೂ ಏನೂ ಬದಲಾಗುವುದಿಲ್ಲ. ಸರದಿಯಲ್ಲಿ ನಿಂತವರು ಇನ್ನೂ ಒಳಗೆ ಬಂದಿಲ್ಲ.

ನೀವು ಮಡಿಕೇರಿ ಕಡೆಯವರು, ಕೈಲ್ ಮುಹೂರ್ತದಂದು ಮನೆಯ ಕೋವಿಗೆ ಹೂವಿಟ್ಟು ಕೈಮುಗಿದು ಬೆಳೆದವರು. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಆಯುಧ ಕಾಯ್ದೆಯಡಿ ಲೈಸೆನ್ಸಿನಿಂದ ಸಿಕ್ಕಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆದು ಗೆದ್ದವರು ನೀವಿರಬಹುದು, ಆದರೆ ಊರಿನ ಆ ವಿನಾಯಿತಿಗೂ ಇಲ್ಲಿನ ಕಾನೂನಿಗೂ ಯಾವ ಸಂಬಂಧವೂ ಇಲ್ಲ. ತೋಟಾ ಕೋವಿಯ ಅಭ್ಯಾಸ ಗಿಡ್ಡ ಪಿಸ್ತೂಲಿಗೆ ಅಷ್ಟಾಗಿ ಒದಗುವುದೂ ಇಲ್ಲ. ಉದ್ದ ನಳಿಗೆಯ ಕೋವಿಯ ಬಾಯಿ ಎತ್ತ ತಿರುಗಿದೆಯೆಂದು ಪಕ್ಕದವರಿಗೂ ಕಾಣುತ್ತದೆ. ಒಂದು ಗೇಣೂ ಇಲ್ಲದ ಪಿಸ್ತೂಲಿನ ಬಾಯಿ ಮಣಿಕಟ್ಟು ಚೂರು ತಿರುಗಿದರೆ ಪಕ್ಕದವರ ಎದೆಗೆ ನೇರವಾಗಿರುತ್ತದೆ.

ಹಾಗಾದರೆ ಶನಿವಾರ ಹೋಗಬಾರದೇ? ಹೋಗಿ, ನೋಡಿ. ನೋಡುವುದಕ್ಕೆ ಯಾವ ನಿಷೇಧವೂ ಇಲ್ಲ. ಬಾಗಿಲಲ್ಲಿ ಸಹಿಗೆ ಕೊಡುವ ಹೊಣೆಗಾರಿಕೆಯ ಪತ್ರವನ್ನು ಪೂರ್ತಿ ಓದಿರಿ. ಬಂದೂಕು ಹೊಂದಲು ನಾನು ಅನರ್ಹನಲ್ಲ ಎಂಬ ಸಾಲು ಅದರಲ್ಲಿ ಇರುವುದುಂಟು. ಕೌಂಟರಿನ ಹುಡುಗ ನಿಮ್ಮ ಟೆಕ್ಸಾಸ್ ಡ್ರೈವಿಂಗ್ ಲೈಸೆನ್ಸು ನೋಡಿ ಪಿಸ್ತೂಲು ಬಾಡಿಗೆಗೆ ಕೊಟ್ಟರೂ ಕೊಡಬಹುದು. ಅವನು ಕೊಟ್ಟ ಮಾತ್ರಕ್ಕೆ ನಿಮಗೆ ಅರ್ಹತೆ ಬರುವುದಿಲ್ಲ. ರೂಮ್‌ಮೇಟ್ ಅಮೆರಿಕದವನಾಗಿದ್ದು ಪಿಸ್ತೂಲು ಇಟ್ಟುಕೊಂಡಿದ್ದರೆ ಅದರ ತಿಜೋರಿಯ ಬೀಗದ ಕೈಯಾಗಲಿ ಸಂಖ್ಯೆಯಾಗಲಿ ನಿಮ್ಮ ಬಳಿ ಇರದಂತೆ ನೋಡಿಕೊಳ್ಳಿರಿ, ಏಕೆಂದರೆ ಬೇಕೆಂದಾಗ ತೆಗೆಯುವ ಅಧಿಕಾರವಿದ್ದರೂ ಅದನ್ನು ಹೊಂದಿದಂತೆಯೇ ಎಣಿಸಲು ಅವಕಾಶವಿದೆ.

ಇನ್ನು ಎರಡನೆಯ ಪ್ರಶ್ನೆ. ಹಸಿರು ಕಾರ್ಡು ಬಂದ ದಿನಕ್ಕೆ ಇದು ನಿಮಗೆ ಬೇಕಾಗುತ್ತದೆ. ಶನಿವಾರ ಗೆಳೆಯರ ನಡವಳಿಕೆಯನ್ನು ಅಳೆಯುವುದಕ್ಕೂ ಬೇಕು. ಕಾಯಂ ನಿವಾಸಿಯಾದ ಮೇಲೆ 21 ವರ್ಷ ತುಂಬಿದವರು ತಮ್ಮ ರಾಜ್ಯದ ಅಂಗಡಿಯಲ್ಲಿ 4473 ಎಂಬ ನಮೂನೆ ತುಂಬಿ, ಹಿನ್ನೆಲೆಯ ತಪಾಸಣೆ ಮುಗಿಸಿ ಪಿಸ್ತೂಲು ಕೊಳ್ಳಬಹುದು. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ ಅದನ್ನು ಧರಿಸಿ ಓಡಾಡಲು ಪರವಾನಗಿಯೂ ಬೇಕಿಲ್ಲ. ಆದರೂ ಎಲ್‌ಟಿಸಿ ಎಂದು ಕರೆಯುವ ರಾಜ್ಯದ ಪರವಾನಗಿಯನ್ನು ಪಡೆಯಿರೆಂದೇ ನಾನು ಹೇಳುವುದು. ಶಾಲೆಯ ಸುತ್ತಲಿನ ಸಾವಿರ ಅಡಿಯೊಳಗೆ ತುಂಬಿದ ಪಿಸ್ತೂಲು ಒಯ್ಯುವುದನ್ನು ಫೆಡರಲ್ ಕಾನೂನು ತಡೆಯುತ್ತದೆ, ರಾಜ್ಯದ ಪರವಾನಗಿ ಇದ್ದವರಿಗೆ ಮಾತ್ರ ಅದರಲ್ಲಿ ರಿಯಾಯಿತಿ. ಮನೆಯಿಂದ ರೇಂಜಿಗೆ ಹೋಗುವ ದಾರಿಯಲ್ಲಿ ಒಂದಾದರೂ ಶಾಲೆ ಸಿಗದ ಬಡಾವಣೆ ಈ ಕಡೆ ಎಲ್ಲಿದೆ?

ರೇಂಜಿನ ವಿಷಯದಲ್ಲಿ ನಾನು ಹಿಡಿದಿರುವ ನಿಯಮ ಇದು: ಮೈಮೇಲಿನ ಪಿಸ್ತೂಲು ಮೈಮೇಲೆಯೇ ಇರಬೇಕು, ಅಭ್ಯಾಸದ ಪಿಸ್ತೂಲು ಪೆಟ್ಟಿಗೆಯಲ್ಲಿ ಬರಬೇಕು. ಹೋಲ್‌ಸ್ಟರಿನಲ್ಲಿ, ಅಂದರೆ ಸೊಂಟದ ಒರೆಯಲ್ಲಿ, ಟ್ರಿಗರ್ ಮುಚ್ಚಿಕೊಂಡು ಕುಳಿತಿರುವ ಒಳ್ಳೆಯ ಸ್ಥಿತಿಯ ಪಿಸ್ತೂಲು ತಾನಾಗಿ ಹಾರುವುದು ಬಹು ಅಪರೂಪ. ಅನಾಹುತವಾಗುವುದು ಅದನ್ನು ತೆಗೆಯುವಾಗ, ಖಾಲಿ ಮಾಡುವಾಗ, ಮರಳಿ ತುಂಬುವಾಗ. ಸೊಂಟದ ಪಿಸ್ತೂಲಿನಲ್ಲಿಯೇ ಅಭ್ಯಾಸ ಮಾಡಬೇಕೆನ್ನುವವರು ರೇಂಜಿನ ಕಾರು ನಿಲ್ಲಿಸುವ ಜಾಗದಲ್ಲಿ ತೊಡೆಯ ಮೇಲಿಟ್ಟುಕೊಂಡು ಅದನ್ನು ಖಾಲಿ ಮಾಡುವುದನ್ನು ನಾನು ನೋಡುತ್ತಲೇ ಇರುತ್ತೇನೆ. ತಪ್ಪಿ ಹಾರಿದ ಗುಂಡನ್ನು ತಡೆಯಲು ಅಲ್ಲಿ ಕಾರಿನ ತಗಡು ಬಿಟ್ಟರೆ ಬೇರೇನೂ ಇರುವುದಿಲ್ಲ. ಅಂಥ ಅಭ್ಯಾಸದ ದಿನ ಪಿಸ್ತೂಲನ್ನು ಮನೆಯಲ್ಲಿಯೇ ಖಾಲಿ ಮಾಡಿ, ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಸ್ಲೈಡ್ ತೆರೆದಿಟ್ಟು, ಪೆಟ್ಟಿಗೆಯೊಳಗೆ ಒಯ್ಯುವುದು ಸರಿಯಾದ ಕ್ರಮ. ಖಾಲಿ ಮಾಡುವಾಗ ಮೊದಲು ಗುಂಡುಗಳಿರುವ ಮ್ಯಾಗಜೀನ್ ತೆಗೆದು ಆಮೇಲೆ ಸ್ಲೈಡ್ ಎಳೆಯಬೇಕು. ಈ ಅನುಕ್ರಮ ತಿರುಗುಮುರುಗಾದರೆ ಒಂದು ಗುಂಡು ಹೊರಬಿದ್ದ ಕೂಡಲೇ ಇನ್ನೊಂದು ನಳಿಗೆಯ ಬುಡದ ಚೇಂಬರಿನೊಳಗೆ ಕುಳಿತಿರುತ್ತದೆ, ಹಿಡಿದವನು ಮಾತ್ರ ಖಾಲಿಯಾಯಿತೆಂದು ನಂಬಿರುತ್ತಾನೆ. ಗ್ಲಾಕ್ ಪಿಸ್ತೂಲನ್ನು ಒರೆಸಲು ಬಿಚ್ಚಬೇಕಾದರೆ ಟ್ರಿಗರನ್ನೇ ಒತ್ತಬೇಕಾಗುತ್ತದೆಂಬುದನ್ನು ನೆನೆದರೆ ಆ ನಂಬಿಕೆಯ ಬೆಲೆ ತಿಳಿಯುತ್ತದೆ.

ಹೀಗೆ ಪ್ರತಿವಾರ ಖಾಲಿ ಮಾಡಿ ತುಂಬುವವರು ಗಮನಿಸದ ಇನ್ನೊಂದು ಸಂಗತಿಯಿದೆ. ಅದೇ ಗುಂಡನ್ನು ಮತ್ತೆ ಮತ್ತೆ ಚೇಂಬರಿಗೆ ಏರಿಸುತ್ತಿದ್ದರೆ ಅದರ ಸೀಸದ ಮೂತಿ ಗುಂಡಿನದೇ ಹಿತ್ತಾಳೆಯ ಕೊಳವೆಯೊಳಕ್ಕೆ ತುಸು ತುಸುವೇ ಹಿಂದೆ ಸರಿಯುತ್ತದೆ. ಜಾಗ ಕಿರಿದಾದಂತೆ ಸಿಡಿತದ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಆದ್ದರಿಂದ ಆತ್ಮರಕ್ಷಣೆಗೆಂದು ತುಂಬಿದ ಟೊಳ್ಳುಮೂತಿಯ ಹಳೆಯ ಗುಂಡುಗಳನ್ನು ಆಗಾಗ ರೇಂಜಿನಲ್ಲಿಯೇ ಹಾರಿಸಿ ಮುಗಿಸಿ, ಹೊಸದನ್ನು ತುಂಬಿಕೊಳ್ಳುವುದು ಒಳ್ಳೆಯದು. ದುಬಾರಿ ನಿಜ. ಆದರೆ ಅದೇ ಗುಂಡು ತನ್ನ ಪಿಸ್ತೂಲಿನಲ್ಲಿ ತಡೆಯಿಲ್ಲದೆ ಓಡುತ್ತದೆಯೇ ಎಂದು ತಿಳಿಯಲು ಬೇರೆ ದಾರಿಯೂ ಇಲ್ಲ.

ಎಲ್ಲ ರೇಂಜುಗಳ ಕಟ್ಟಳೆ ಒಂದೇ ಅಲ್ಲ. ಸೊಂಟದ ಪಿಸ್ತೂಲನ್ನು ಮುಟ್ಟದಿರುವವರೆಗೆ ಕೆಲವು ಕಡೆ ಯಾರೂ ಏನೂ ಕೇಳುವುದಿಲ್ಲ. ಇನ್ನು ಕೆಲವು ಕಡೆ ಪೆಟ್ಟಿಗೆಯೊಳಗಿಲ್ಲದ ಯಾವ ಬಂದೂಕಿಗೂ ಪ್ರವೇಶವಿಲ್ಲ. ಬಹಳ ಒಳಾಂಗಣ ರೇಂಜುಗಳಲ್ಲಿ ಹೋಲ್‌ಸ್ಟರಿನಿಂದ ಎಳೆದು ಹೊಡೆಯುವುದಕ್ಕೆ ಅನುಮತಿಯಿಲ್ಲ, ಅಥವಾ ಪರೀಕ್ಷೆ ಕೊಟ್ಟವರಿಗೆ ಮಾತ್ರ ಉಂಟು. ಹೊರಡುವ ಮೊದಲು ಫೋನು ಮಾಡಿ ಕೇಳುವುದರಲ್ಲಿ ಅವಮಾನವೇನೂ ಇಲ್ಲ. 1984ರಲ್ಲಿ ಹುಟ್ಟಿದ ಯುಎಸ್‌ಪಿಎಸ್‌ಎ, 1996ರಲ್ಲಿ ದಿನಬಳಕೆಯ ಪಿಸ್ತೂಲುಗಳಿಗಾಗಿಯೇ ಹುಟ್ಟಿದ ಐಡಿಪಿಎ, ಈ ಎರಡೂ ಸಂಸ್ಥೆಗಳ ಸ್ಪರ್ಧೆಗಳು ಸಾಮಾನ್ಯವಾಗಿ ಕೋಲ್ಡ್ ರೇಂಜಿನ ಪದ್ಧತಿಯಲ್ಲಿ ನಡೆಯುತ್ತವೆ: ಅಧಿಕಾರಿಯ ಅಪ್ಪಣೆಯಾಗಿ ಹೊಡೆಯುವ ಸರದಿ ಬರುವವರೆಗೆ ಎಲ್ಲರ ಪಿಸ್ತೂಲೂ ಖಾಲಿಯಿರಬೇಕು. ಅಲ್ಲಿಗೆ ತುಂಬಿದ ಪಿಸ್ತೂಲು ಧರಿಸಿಯೇ ಬಂದುಬಿಟ್ಟಿದ್ದರೆ ಅದನ್ನು ಮುಟ್ಟದೆ ನೇರವಾಗಿ ಸುರಕ್ಷಾ ಅಧಿಕಾರಿಯ ಬಳಿಗೆ ಹೋಗಿ ಹೇಳಬೇಕು. ಮಣ್ಣಿನ ದಿಬ್ಬದ ಎದುರು ನಿಲ್ಲಿಸಿ ಅವರೇ ಖಾಲಿ ಮಾಡಿಸುತ್ತಾರೆ. ಸೇಫ್ ಏರಿಯಾ ಎಂಬ ಫಲಕದ ಮೇಜು ಖಾಲಿ ಪಿಸ್ತೂಲು ಮುಟ್ಟುವುದಕ್ಕೆ ಮಾತ್ರ. ಗುಂಡನ್ನು ಅಲ್ಲಿ ಕೈಗೆತ್ತಿಕೊಂಡವನನ್ನು ಆಟದಿಂದಲೇ ಹೊರಗಿಡುತ್ತಾರೆ.

ಕಿವಿಯ ಮಾತೂ ಉಂಟು. ಒಳಾಂಗಣದಲ್ಲಿ ಕಿವಿಯೊಳಗಿನ ಬಿರಡೆ, ಅದರ ಮೇಲೆ ಇಡೀ ಕಿವಿ ಮುಚ್ಚುವ ಮಫ್, ಎರಡನ್ನೂ ಹಾಕಿರಿ. ನೋಡಲು ಹೋದವರಿಗೂ ಇದು ತಪ್ಪದು. ಕತ್ತು ಮುಚ್ಚುವ ಅಂಗಿ ಹಾಕಿರಿ. ಪಕ್ಕದ ಸಾಲಿನಿಂದ ಹಾರಿಬಂದ ಕಾದ ಹಿತ್ತಾಳೆಯ ಕೊಳವೆ ಕೊರಳೊಳಗೆ ಬಿದ್ದಾಗ ಅನುಭವಿಗಳೂ ಕೈಯಲ್ಲಿ ಪಿಸ್ತೂಲಿರುವುದನ್ನು ಮರೆತು ಕುಣಿಯುತ್ತಾರೆ. ಮುಗಿದ ಮೇಲೆ ತಣ್ಣೀರು ಮತ್ತು ಸೋಪಿನಿಂದ ಕೈ ತೊಳೆಯದೆ ಏನನ್ನೂ ತಿನ್ನಬೇಡಿ, ಮನೆಗೆ ಹೋದ ಕೂಡಲೇ ಬಟ್ಟೆ ಬದಲಿಸಿರಿ. ಸೀಸದ ಧೂಳು ಚಿಕ್ಕ ಮಕ್ಕಳಿಗೆ ಹೆಚ್ಚು ಕೆಡುಕು.

ಕೊನೆಯದಾಗಿ, ರೇಂಜಿಗೆ ಒಯ್ಯುವ ಚೀಲವನ್ನು ಊರಿಗೆ ಹೊರಡುವಾಗ ಎಂದಿಗೂ ಬಳಸಬೇಡಿ, ನೋಡಲಷ್ಟೇ ಹೋದ ದಿನದ ಬೆನ್ನುಚೀಲವನ್ನೂ ಸೇರಿಸಿ ಹೇಳುತ್ತಿದ್ದೇನೆ. ಗೆಳೆಯನೊಬ್ಬ ತಿಳಿಯದೆ ಅದರ ಜೇಬಿಗೆ ಹಾಕಿದ ಒಂದು ಗುಂಡು ಕೆಂಪೇಗೌಡ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೆ 1959ರ ಆಯುಧ ಕಾಯ್ದೆಯಡಿ ಪ್ರಕರಣ ದಾಖಲಾಗಬಹುದು. ಗೊತ್ತಿಲ್ಲದೆ ಚೀಲದಲ್ಲಿ ಉಳಿದಿತ್ತೆಂಬ ವಾದವನ್ನು ನಮ್ಮ ಹೈಕೋರ್ಟುಗಳು ಒಪ್ಪಿ ಇಂಥ ಪ್ರಕರಣಗಳನ್ನು ರದ್ದುಪಡಿಸಿರುವುದುಂಟು, ಆದರೆ ಅಷ್ಟರಲ್ಲಿ ರಜೆ ಮುಗಿದಿರುತ್ತದೆ, ವೀಸಾ ಸ್ಟಾಂಪಿಂಗ್‌ಗೆ ಹೋದಾಗ ಬಂಧನದ ಪ್ರಶ್ನೆಗೆ ಹೌದೆಂದು ಬರೆಯಬೇಕಾಗಿರುತ್ತದೆ. ಶನಿವಾರ ಚೀಲವನ್ನು ಕಾರಿನಲ್ಲಿಯೇ ಬಿಟ್ಟು ಬರಿಗೈಯಲ್ಲಿ ಒಳಗೆ ಹೋಗಿರಿ.