ವಿಂಡೋಸ್ ಸತ್ತರೆ ಡೇಟಾ ಸತ್ತಂತಲ್ಲ

ಪ್ರಶ್ನೆ: ಗಂಗಾವತಿಯ ರೈಸ್ ಮಿಲ್‌ನಲ್ಲಿ ಗುಮಾಸ್ತ ನಾನು. ಕರೆಂಟ್ ಹೋಗಿ ಬಂದ ಮೇಲೆ ಕಂಪ್ಯೂಟರ್ ನೀಲಿ ಪರದೆಗೆ ಬಂದು ನಿಲ್ಲುತ್ತದೆ. ಮೂರು ವರ್ಷದ ಟ್ಯಾಲಿ ಲೆಕ್ಕ ಸಿ ಡ್ರೈವ್‌ನಲ್ಲೇ ಇದೆ. ರಿಪೇರಿ ಹುಡುಗ, 'ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕೋಣ, ಆಮೇಲೆ ಡೇಟಾ ತೆಗೆಯೋಣ' ಅಂತಾನೆ. ಸಾವ್ಕಾರ್ರು ಅವಸರ ಮಾಡ್ತಿದ್ದಾರೆ. ಮಾಡಿಸಲಾ?

ಉತ್ತರ: ಬೇಡ. ಇದೇ ಪ್ರಶ್ನೆಗೆ ಉತ್ತರ ಬರೆದು ಬರೆದು ನನಗೆ ಸಾಕಾಗಿದೆ. ಬಾಗಿಲು ಬಿಗಿಯಾಯ್ತು ಅಂತ ಯಾರಾದರೂ ಮನೆ ಕೆಡವಿಸ್ತಾರಾ?

ಕೆಟ್ಟಿರುವುದು ವಿಂಡೋಸ್. ನಿಮ್ಮ ಟ್ಯಾಲಿ ಫೋಲ್ಡರ್ ಬಹುಶಃ ಇದ್ದಲ್ಲೇ ಇದೆ. ಕ್ವಿಕ್ ಫಾರ್ಮ್ಯಾಟ್ ಅಳಿಸುವುದು ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯನ್ನು ಮಾತ್ರ, ಹುಡುಗನ ಧೈರ್ಯ ಅದೇ. ಆದರೆ ಅದರ ಮೇಲೆ ಹೊಸ ವಿಂಡೋಸ್ ಸುಮಾರು 20 ಜಿಬಿ ಬರೆಯುತ್ತದೆ. ಆ ಬರಹ ನಿಮ್ಮ ಲೆಕ್ಕದ ಮೇಲೆ ಬಿದ್ದರೆ ಯಾವ ಸಾಫ್ಟ್‌ವೇರೂ ತೆಗೆಯಲಾರದು. ಫುಲ್ ಫಾರ್ಮ್ಯಾಟ್ ಕೊಟ್ಟರಂತೂ ಕಥೆ ಮುಗೀತು, ಇಡೀ ಡ್ರೈವ್ ತುಂಬ ಸೊನ್ನೆ ಬರೆದುಬಿಡುತ್ತದೆ.

ಹಾರ್ಡ್ ಡಿಸ್ಕ್ ಬಿಚ್ಚಿಸಿ. ಸಾಟಾ-ಯುಎಸ್‌ಬಿ ಕೇಬಲ್‌ನಲ್ಲಿ ಬೇರೆ ಕಂಪ್ಯೂಟರ್‌ಗೆ ಹಾಕಿಸಿ, ಟ್ಯಾಲಿ ಫೋಲ್ಡರ್ ಕಾಪಿ ಮಾಡಿಕೊಳ್ಳಿ. 'ಫಾರ್ಮ್ಯಾಟ್ ಮಾಡಲೇ?' ಅಂತ ಕೇಳಿದರೆ ಕ್ಯಾನ್ಸಲ್ ಒತ್ತಿ. ಬಿಟ್‌ಲಾಕರ್ (ಡ್ರೈವ್‌ಗೆ ವಿಂಡೋಸ್ ಹಾಕುವ ಬೀಗ) 48 ಅಂಕಿಯ ಕೀ ಕೇಳಿದರೆ ಗಾಬರಿಯಾಗಬೇಡಿ, ಕಂಪ್ಯೂಟರ್‌ಗೆ ಹಾಕಿದ್ದ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ. ಕಾಪಿ ಕೈಗೆ ಬರುವ ತನಕ ಚೆಕ್‌ಡಿಸ್ಕ್ (ಡಿಸ್ಕ್ ತಪ್ಪು ಹುಡುಕಿ ತಿದ್ದುವ ವಿಂಡೋಸ್ ಸಾಧನ) ಓಡಿಸಲು ಬಿಡಬೇಡಿ. ಅದು ಸರಿಮಾಡುವ ಭರದಲ್ಲಿ ಫೈಲ್‌ಗಳನ್ನೇ ಕತ್ತರಿಸಿಬಿಡಬಹುದು.

ಇದೆಲ್ಲ ಡಿಸ್ಕ್ ಸದ್ದಿಲ್ಲದೆ ತಿರುಗುತ್ತಿದ್ದರೆ ಮಾತ್ರ. ಕಿವಿ ಕೊಟ್ಟು ಕೇಳಿ. ಟಕ್, ಟಕ್ ಅಂದರೆ ಆ ಕ್ಷಣವೇ ವೈರ್ ಕೀಳಿ, 'ಇನ್ನೊಂದ್ಸಲ ನೋಡೋಣ' ಬೇಡ. ಒಳಗೆ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಇಲ್ಲವೇ 7200 ಸುತ್ತು ತಿರುಗುತ್ತಿರುತ್ತದೆ. ಓದುವ ಹೆಡ್ಡು ಅದರ ಮೇಲೆ ಕೂದಲೆಳೆಗಿಂತ ಸಾವಿರಾರು ಪಟ್ಟು ಕಮ್ಮಿ ಎತ್ತರದಲ್ಲಿ ತೇಲುತ್ತದೆ. ಹೆಡ್ಡು ಕೆಟ್ಟಿದ್ದರೆ ಒಂದೊಂದು ಸುತ್ತಿಗೂ ತಟ್ಟೆ ಗೀಚಬಹುದು.

ಬಳ್ಳಾರಿಯ ಜೀನ್ಸ್ ಘಟಕದವರೊಬ್ಬರು ಇಂಥದೇ ಡಿಸ್ಕ್ ತಂದಿದ್ದರು. ಎಲ್ಲೋ ಸ್ಕ್ರೂ ಬಿಚ್ಚಿಸಿದ್ದರು. ಕನ್ನಡಿಯಂಥ ತಟ್ಟೆ ಮೇಲೆ ಹೆಬ್ಬೆರಳಿನ ಗುರುತು, ಗೆರೆಗಳ ಸಮೇತ. 'ಸುಮ್ನೆ ತೆಗೆದು ನೋಡಿದ್ವಿ ಅಷ್ಟೇ' ಅಂದರು. ಕೈಮುಗಿದು ವಾಪಸ್ ಕಳಿಸಿದೆ. ಡಿಸ್ಕ್ ಬಿಚ್ಚಲು ಧೂಳಿಲ್ಲದ ವಿಶೇಷ ಕೋಣೆ ಬೇಕು, ನನ್ನ ಅಂಗಡಿಯಲ್ಲೂ ಅದಿಲ್ಲ. ಅಂಥದ್ದನ್ನು ನಾನು ಬೆಂಗಳೂರಿಗೇ ಕಳಿಸುವುದು. ಖರ್ಚು ಜಾಸ್ತಿ. ಎಷ್ಟಾಗುತ್ತದೆ ಅಂತ ಮೊದಲೇ ಬರೆಸಿಕೊಳ್ಳಿ.

ಪ್ರಶ್ನೆ: ಡಿಸ್ಕ್ ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತಂತೆ, ನಿಜವೇ? (ರಾಯಚೂರು)

ಉತ್ತರ: ನಿಮ್ಮೂರ ಬಿಸಿಲಿಗೆ ಹೊರಗೆ ತೆಗೆದ ಕೂಡಲೇ ಬೆವರುತ್ತದೆ. ನೀರು, ಕರೆಂಟು ಎರಡೂ ಸೇರಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾ?

ಪ್ರಶ್ನೆ: ಎಸ್‌ಎಸ್‌ಡಿಯಲ್ಲಿ ಹೋದ ವಾರ ಡಿಲೀಟ್ ಮಾಡಿದ ಮದುವೆ ಫೋಟೋ ಸಿಗುತ್ತಾ? (ಕೊಪ್ಪಳ)

ಉತ್ತರ: ಆಸೆ ಇಟ್ಟುಕೊಳ್ಳಬೇಡಿ. ಎಸ್‌ಎಸ್‌ಡಿ ಅಂದರೆ ತಿರುಗುವ ತಟ್ಟೆಯಿಲ್ಲದ, ಚಿಪ್‌ನ ಡ್ರೈವ್. ಯಾವ ಜಾಗ ಬೇಡವಾಯ್ತು ಅಂತ ಡ್ರೈವ್‌ಗೆ ತಿಳಿಸುವ ಟ್ರಿಮ್ ಆನ್ ಇದ್ದರೆ ಡಿಲೀಟ್ ಆದ ಜಾಗವನ್ನು ಡ್ರೈವ್ ತಾನೇ ಖಾಲಿ ಮಾಡುತ್ತದೆ. ಫೋಟೋ ತೆಗೆದವರನ್ನು ಕೇಳಿ.

ಪ್ರಶ್ನೆ: ಫ್ರೀ ರಿಕವರಿ ಸಾಫ್ಟ್‌ವೇರ್ ಯಾವುದು ಒಳ್ಳೇದು? (ಸಿರುಗುಪ್ಪ)

ಉತ್ತರ: ಹೆಸರು ಹೇಳಿದರೆ ಫೈಲ್ ಕಳೆದ ಡ್ರೈವ್‌ಗೇ ಅದನ್ನು ಇನ್‌ಸ್ಟಾಲ್ ಮಾಡ್ತೀರಿ, ಅದು ಆ ಫೈಲ್ ಮೇಲೇ ಬರೆದುಬಿಡಬಹುದು. ಹೇಳಲ್ಲ.

ಗಂಗಾವತಿಯವರೇ, ಆ ಹುಡುಗ ಈಗಾಗಲೇ ಹೊಸ ವಿಂಡೋಸ್‌ನ ಪೆನ್‌ಡ್ರೈವ್ ಚುಚ್ಚಿ ಕೂತಿದ್ದರೆ ಮೊದಲು ಪ್ಲಗ್ ಕೀಳಿ. ಸಾವ್ಕಾರ್ರಿಗೆ ಆಮೇಲೆ ಸಮಾಧಾನ ಹೇಳಿದರಾಯ್ತು.