ಪ್ರತಿಕ್ರಿಯೆ: ಬಿಷಪ್ ಅಲ್ಲದವರು ಲ್ಯಾಂಬೆತ್‌ಗೆ ಹೋಗಬಹುದೇ?

ನೀವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಸದಸ್ಯೆ, ಬಿಷಪ್ ಅಲ್ಲ. ಲ್ಯಾಂಬೆತ್ ಸಮ್ಮೇಳನಕ್ಕೆ, ಅಂದರೆ ಜಗತ್ತಿನ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ ಪರಂಪರೆಯ) ಸಭೆಗಳ ಬಿಷಪರು ಸೇರುವ ಸಮ್ಮೇಳನಕ್ಕೆ, ಪ್ರತಿನಿಧಿಯಾಗಿ ಹೋಗಬಹುದೇ ಎಂದು ಕೇಳಿದ್ದೀರಿ. ಇಲ್ಲ. 1867ರಿಂದಲೂ ಅದು ಬಿಷಪರ ಸಮ್ಮೇಳನವೇ. 2022ರಲ್ಲಿ ಕ್ಯಾಂಟರ್ಬರಿಯಲ್ಲಿ ನಡೆದಾಗಲೂ ಅಷ್ಟೆ. ಜೊತೆಗೆ ಅವರ ಸಂಗಾತಿಗಳು.

ನಿಮ್ಮಂಥವರಿಗೆ ದಾರಿ ಇರುವುದು ಆಂಗ್ಲಿಕನ್ ಸಲಹಾ ಮಂಡಳಿಯಲ್ಲಿ. 1971ರಲ್ಲಿ ಕೀನ್ಯಾದ ಲಿಮುರುವಿನಲ್ಲಿ ಅದರ ಮೊದಲ ಸಭೆ. ಅಲ್ಲಿ ಬಿಷಪ್, ಪಾದ್ರಿಗಳ ಪಕ್ಕದಲ್ಲೇ ಸಾಮಾನ್ಯ ವಿಶ್ವಾಸಿಗಳೂ ಕೂರುತ್ತಾರೆ. ಹೆಸರು ಕಳಿಸುವುದು ಸಿನೊಡ್ (ಸಿಎಸ್‌ಐನ ಉನ್ನತ ಆಡಳಿತ ಮಂಡಳಿ), ಹಾಗಾಗಿ ಮೊದಲು ನಿಮ್ಮ ಡಯಾಸಿಸ್ (ಒಬ್ಬ ಬಿಷಪರ ಆಡಳಿತ ಪ್ರದೇಶ) ಕಚೇರಿಯಲ್ಲಿ ವಿಚಾರಿಸಿ.

ಆಯ್ಕೆಯಾದರೆ ಸಭೆಯ ಊರು ನೋಡಿಕೊಂಡು ತಯಾರಾಗಿ. 2023ರಲ್ಲಿ ಅದು ಘಾನಾದ ಅಕ್ರಾದಲ್ಲಿತ್ತು. ಅಂಥ ಕಡೆಗೆ ಹಳದಿ ಜ್ವರದ ಲಸಿಕೆ ಕಡ್ಡಾಯ. ಚುಚ್ಚಿಸಿಕೊಂಡು ಹತ್ತು ದಿನವಾದ ಮೇಲಷ್ಟೇ ಲಸಿಕೆಯ ಪ್ರಮಾಣಪತ್ರವಾದ ಹಳದಿ ಪುಸ್ತಿಕೆಗೆ ಬೆಲೆ. ಪುಸ್ತಿಕೆ ಸೂಟ್‌ಕೇಸಿಗೆ ಹಾಕಬೇಡಿ, ಪಾಸ್‌ಪೋರ್ಟಿನೊಳಗೇ ಇರಲಿ. ವಾಪಸ್ ಬರುವಾಗ ಅದಿಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲಿ ನಮ್ಮವರೇ ಆರು ದಿನದವರೆಗೆ ಪ್ರತ್ಯೇಕವಾಸದಲ್ಲಿ (ಕ್ವಾರಂಟೈನ್) ಕೂರಿಸುತ್ತಾರೆ!

ಇನ್ನೊಂದು: ಆಹ್ವಾನ ಪತ್ರದಲ್ಲಿ ಪಾಸ್‌ಪೋರ್ಟಿನ ಹೆಸರೇ ಇರಲಿ. ದೀಕ್ಷಾಸ್ನಾನದ ಹೆಸರೊಂದು, ಶಾಲೆಯ ಹೆಸರೊಂದು ಇರುವುದು ನಮ್ಮಲ್ಲಿ ಮಾಮೂಲಿ. ವೀಸಾ ಕೌಂಟರಿನಲ್ಲಿ ಅದನ್ನು ವಿವರಿಸುತ್ತ ನಿಲ್ಲುವುದು ಸಾಕುಸಾಕಾಗುತ್ತದೆ.