ಗುತ್ತಿಗೆ ನವೀಕರಣವಾಗದ ಆಟಗಾರ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು ಮತ್ತು ವಿವರಗಳನ್ನು ಬದಲಿಸಲಾಗಿದೆ.)

ಕಿರಣನಿಗೆ 23 ವರ್ಷ. ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿರುವ ಬೆಂಗಳೂರಿನ ಗೌತಮಪುರದಂತಹ ಬಡಾವಣೆಗಳಲ್ಲಿ ಫುಟ್‌ಬಾಲ್ ಆಡುವ ಹುಡುಗನಿಗೆ ಸಿಗುವ ಮರ್ಯಾದೆಯನ್ನು ಚಿಕ್ಕಂದಿನಿಂದಲೂ ಕಂಡವನು. ದ್ವಿತೀಯ ಪಿಯುಸಿಯನ್ನು ಅರ್ಧಕ್ಕೆ ಬಿಟ್ಟು, ಬೆಂಗಳೂರಿನ ಸೂಪರ್ ಡಿವಿಷನ್ ಲೀಗ್ ಆಡಿ, ಹೊರರಾಜ್ಯದ ಕೆಳಹಂತದ ಕ್ಲಬ್ಬೊಂದರ ಗುತ್ತಿಗೆಗೆ ಸಹಿ ಹಾಕಿದ್ದ. ಬಲ ಮೊಣಕಾಲಿನ ಎಸಿಎಲ್ (ಕೀಲನ್ನು ಹಿಡಿದಿಡುವ ಒಳಗಿನ ಅಸ್ಥಿರಜ್ಜು) ಹರಿದು ಶಸ್ತ್ರಚಿಕಿತ್ಸೆಯಾಯಿತು. ಐದನೇ ತಿಂಗಳಲ್ಲೇ ಅಭ್ಯಾಸಕ್ಕೆ ಇಳಿಸಿದರು. ಮೊಣಕಾಲು ಮತ್ತೆ ಊದಿಕೊಂಡಿತು, ಗುತ್ತಿಗೆ ನವೀಕರಣವಾಗಲಿಲ್ಲ, ಕೊನೆಯ ಎರಡು ತಿಂಗಳ ಸಂಬಳವೂ ಬರಲಿಲ್ಲ.

“ಬೆಳಗಿನ ಜಾವ ಎದ್ದು, ಬೂಟಿನ ಸ್ಟಡ್‌ಗಳಲ್ಲಿ ಇಲ್ಲದ ಮಣ್ಣನ್ನು ಕೆರೆಯುತ್ತಾ ಕೂರುತ್ತಾನೆ ಮೇಡಂ” ಎಂದರು, ಅವನನ್ನು ಕರೆತಂದ ತಾಯಿ. “ಯಾವಾಗ ಮ್ಯಾಚು?” ಎಂದು ಯಾರಾದರೂ ಕೇಳಿಯಾರೆಂದು ಅವನು ಬೀದಿಯ ಅಂಗಡಿಗೂ ಹೋಗುತ್ತಿರಲಿಲ್ಲ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ, ಇಲ್ಲವೆಂದ. ನಿದ್ದೆ, ಹಸಿವು ಎರಡೂ ಕೆಟ್ಟಿದ್ದರಿಂದ ಮನೋವೈದ್ಯರ ಬಳಿಗೂ ಕಳಿಸಿದೆ. ರಾತ್ರಿ ಸಂಕಟವಾದರೆ ಕರೆಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಕೊಟ್ಟೆ.

“ಇನ್ನಾದರೂ ಡೆಲಿವರಿ ಕೆಲಸ ಹಿಡಿಯೋ” ಎಂದು ತಂದೆ, “ಧೈರ್ಯ ಬಿಡಬೇಡ, ಟ್ರಯಲ್ಸ್‌ಗೆ ಬಾ” ಎಂದು ಹಳೆಯ ಕೋಚ್. ಇಬ್ಬರದೂ ಅಕ್ಕರೆಯ ಮಾತೇ; ಆದರೆ ಬುದ್ಧಿ ತಿಳಿದಾಗಿನಿಂದ ಆಟಗಾರನೆಂದಷ್ಟೇ ಗುರುತಿಸಿಕೊಂಡವನಿಂದ ಇಬ್ಬರೂ ತಕ್ಷಣದ ಉತ್ತರವನ್ನು ಬಯಸುತ್ತಿದ್ದರು. ಆಡುವುದೋ ಬಿಡುವುದೋ ಎಂಬ ತೀರ್ಮಾನವನ್ನು ಸದ್ಯಕ್ಕೆ ಯಾರೂ ಕೇಳಕೂಡದು, ಅವನೂ ಹೇಳಕೂಡದು ಎಂಬುದೇ ನನ್ನ ಮುಖ್ಯ ಸಲಹೆಯಾಗಿತ್ತು. ಇಂತಹ ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ 9 ತಿಂಗಳಾದರೂ ಕಳೆದು, ಗಾಯಗೊಂಡ ಕಾಲಿನ ಬಲ ಇನ್ನೊಂದು ಕಾಲಿನ ಶೇ. 90ರಷ್ಟಾದರೂ ಆಗುವವರೆಗೆ ಸ್ಪರ್ಧೆಗೆ ಇಳಿಸುವುದಿಲ್ಲವಾದ್ದರಿಂದ, ಈಗಿನ ಯಾವ ಉತ್ತರವೂ ನಿರಾಸೆಯಲ್ಲಿ ಹುಟ್ಟಿದ್ದಾಗುತ್ತಿತ್ತು. ಮೂಳೆತಜ್ಞರ ಅಭಿಪ್ರಾಯವನ್ನು ಬರಹದಲ್ಲೇ ಪಡೆಯುವಂತೆ ಹೇಳಿದೆ.

ಸಂಬಳದ ವಿಷಯವನ್ನು ಕಾಯಿಸಬೇಕಿರಲಿಲ್ಲ. ಗುತ್ತಿಗೆಯ ಪ್ರತಿಯೆಂದು ಅವನ ಬಳಿ ಇದ್ದದ್ದು ಮೊಬೈಲಿನ ಒಂದು ಮಸುಕು ಫೋಟೊ ಮಾತ್ರ (ಕೆಳಹಂತದ ಹುಡುಗರಲ್ಲಿ ಇದು ನನಗೆ ಹೊಸತಲ್ಲ). ಕ್ಲಬ್ಬಿನಿಂದ ಪೂರ್ಣ ಪ್ರತಿಯನ್ನೂ ಬಾಕಿಯನ್ನೂ ಇಮೇಲಿನಲ್ಲಿ ಕೇಳಿ, ಉತ್ತರ ಬಾರದಿದ್ದರೆ 2006ರಲ್ಲಿ ಆರಂಭವಾದ ಆಟಗಾರರ ಸಂಘವಾದ ಎಫ್‌ಪಿಎಐಯ ನೆರವಿನಿಂದ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ (ಎಐಎಫ್‌ಎಫ್) ಪ್ಲೇಯರ್ ಸ್ಟೇಟಸ್ ಸಮಿತಿಗೆ ದೂರು ಕೊಡಬಹುದೆಂದು ತಿಳಿಸಿದೆ. ಮೊದಲ ಇಮೇಲನ್ನು ನನ್ನ ಮುಂದೆಯೇ ಬರೆದ. ಆ ಹೊತ್ತು ಬೆನ್ನು ನೆಟ್ಟಗಾಗಿತ್ತು.

ಕೋಚ್ ಆಗಬಯಸುವವರಿಗಾಗಿ ಇರುವ ಎಐಎಫ್‌ಎಫ್‌ನ ಡಿ ಲೈಸೆನ್ಸ್ ಕೋರ್ಸಿನ ಮಾತೆತ್ತಿದಾಗ, “ಆಡೋಕೆ ಆಗದವರು ಕೋಚ್ ಆಗ್ತಾರೆ ಅಂತಾರೆ ಮೇಡಂ” ಎಂದು ಮುಖ ಸಿಂಡರಿಸಿದ. ವಾದಿಸಲಿಲ್ಲ. ಹಳೆಯ ಕೋಚ್ ಮಕ್ಕಳಿಗೆ ಆಡಿಸುವ ಮೈದಾನದಲ್ಲಿ ಶನಿವಾರಗಳಂದು ಸುಮ್ಮನೆ ಕುಳಿತು ಬರಲು ಹೇಳಿದೆ. ಮುಂದಿನ ಭೇಟಿಯಲ್ಲಿ, ಚೆಂಡು ಬರುವ ಮೊದಲು ಹೆಗಲ ಮೇಲಿಂದ ಹಿಂದೆ ನೋಡದ ಹುಡುಗನೊಬ್ಬನ ಬಗ್ಗೆ, ನಾನು ಕೇಳದಿದ್ದರೂ, ಬಹಳ ಹೊತ್ತು ಮಾತನಾಡಿದ. ಓಪನ್ ಸ್ಕೂಲ್ ಮೂಲಕ ಪಿಯುಸಿ ಮಟ್ಟದ ಪರೀಕ್ಷೆ ಕಟ್ಟಲು ಒಪ್ಪಿದ್ದಾನೆ. ಡಿ ಲೈಸೆನ್ಸ್‌ಗೆ ಇನ್ನೂ ಅರ್ಜಿ ಹಾಕಿಲ್ಲ; ವೈದ್ಯರ ವರದಿ ಬರುವವರೆಗೆ ನಾನೂ ಒತ್ತಾಯಿಸುವುದಿಲ್ಲ.